ಸೋಲಾರ್ ಬೇಲಿಯವನ ಹಿಮ್ಮಡಿ

ಜಿಗಣೆ ಕಚ್ಚಿದ ಕಲೆ ಅಂದುಕೊಂಡೆ.
ಎರಡು ಮಳೆಗಾಲ ಅದರ ಮೇಲೇ ನಿಂತೆ,
ಗಂಬೂಟಿನೊಳಗೆ, ಒದ್ದೆ ಕಾಲುಚೀಲದೊಳಗೆ,
ಬಿಸಿಲು ಯಾವತ್ತೂ ಬಂದು ನೋಡದ ಜಾಗದಲ್ಲಿ.
ರೋಬಸ್ಟಾ ಬೀಜದಷ್ಟಿದ್ದದ್ದು
ಚೆಲ್ಲಿದ ಡಿಕಾಕ್ಷನ್ನಿನ ಹಾಗೆ ಅಂಚು ಮೀರಿ ಹರಡಿದಾಗ
ಬೊಳ್ಳಮ್ಮ ಅಂದಳು:
"ಜಿಗಣೆಗೆ ಇಷ್ಟು ದಿನ ಹಸಿವಿರೋದಿಲ್ಲ. ನಡೀರಿ."

ಮೈಸೂರಿನಲ್ಲಿ ಡಾಕ್ಟರು ನಮ್ಮ ಕಡೆಯವರೇ,
ನಾಪೋಕ್ಲಿನ ಹುಡುಗಿ, ಸಫ್ರೀನಾ.
ಚೂರು ಕತ್ತರಿಸಿ ಕಳಿಸಿ, ಹತ್ತು ದಿನ ಬಿಟ್ಟು ಕರೆದು
ಮೆಲನೋಮ ಅಂದರು.
ಹೆಸರು ಚೆನ್ನಾಗಿದೆ ಅಂದೆ. ಅವರು ನಗಲಿಲ್ಲ.
"ಬಿಸಿಲಿಂದ ಬರೋದಲ್ಲವಾ ಅದು?"
"ಬಿಳಿಯರಿಗೆ ಹೆಚ್ಚಾಗಿ ಹಾಗೆ.
ನಮ್ಮಂಥವರಿಗೆ ಅಂಗಾಲು, ಅಂಗೈ, ಉಗುರಿನಡಿ.
ಬಿಸಿಲು ಕಾಣದಲ್ಲೇ."

ಹಿಮ್ಮಡಿ ಕೊಯ್ದರು. ತೊಡೆಸಂದಿಯ ಗಂಟು ತೆಗೆದರು.
ದಿನಕ್ಕೆರಡು ಗುಳಿಗೆ ಏಳು ತಿಂಗಳು ಚೆನ್ನಾಗಿ ಕಾದವು.
ಎಂಟನೇ ತಿಂಗಳ ಸ್ಕ್ಯಾನು ಬೆಳಕಿಗೆ ಹಿಡಿದು
"ಕಲಿತುಬಿಟ್ಟಿವೆ," ಅಂದರು, "ಮದ್ದನ್ನು ದಾಟುವುದು."

ಇದನ್ನು ನನಗೆ ಬಿಡಿಸಿ ಹೇಳಬೇಕಿರಲಿಲ್ಲ.
ಹದಿನಾರು ವರ್ಷ ಮಾಲ್ದಾರೆಯ ಕಾಡಂಚಿಗೆ ತಂತಿ ಎಳೆದವನು.
ಮೊದಲ ವರ್ಷ ಆನೆ ಮುಟ್ಟಿತು, ಘೀಳಿಟ್ಟು ಹಿಂದೆ ಹೋಯಿತು.
ಮರುವರ್ಷ ಮುಟ್ಟಲಿಲ್ಲ. ನಿಂತು ನೋಡಿತು, ಬಹಳ ಹೊತ್ತು.
ಅದರ ಮುಂದಿನ ವರ್ಷ
ಒಣಮರವೊಂದನ್ನು ಎಳೆದು ತಂದು ತಂತಿಯ ಮೇಲೆ ಕೆಡವಿ
ದಾಟಿತು. ಮರಿಗೂ ದಾರಿ ಬಿಟ್ಟು ನಿಂತಿತು.
ದಂತಕ್ಕೆ ಶಾಕ್ ಹೊಡೆಯದೆಂದು
ಯಾವ ಶಾಲೆಯಲ್ಲಿ ಓದಿದ್ದವು ಅವು?
ಪಾಲ ಮಾತ್ರ ಅನ್ನುತ್ತಿದ್ದ:
"ತಂತಿ ತಪ್ಪಲ್ಲ ಅಣ್ಣ. ಬ್ಯಾಟರಿಯಲ್ಲಿ ಬಿಸಿಲಿಲ್ಲ."

ಕಕ್ಕಡದಲ್ಲಿ ಹಾಗೇ ಆಗುವುದು.
ಪ್ಯಾನೆಲ್ಲಿನ ಮೇಲೆ ಪಾಚಿ, ಅದರ ಮೇಲೆ ಮೋಡ.
ತಂತಿ ಇರುತ್ತದೆ, ಟಿಕ್ ಟಿಕ್ ಸದ್ದೂ ಇರುತ್ತದೆ,
ಕಚ್ಚುವುದಿಲ್ಲ.

"ನಿಮ್ಮ ವಿಟಮಿನ್ ಡಿ ಹನ್ನೊಂದು," ಅಂದರು ಸಫ್ರೀನಾ,
"ಮೂವತ್ತಾದರೂ ಇರಬೇಕಿತ್ತು."
ಬಿಸಿಲನ್ನು ಹಿಡಿದು ಪೆಟ್ಟಿಗೆಗೆ ತುಂಬುವ ಕೆಲಸದವನು,
ನನ್ನ ರಕ್ತದಲ್ಲೇ ಅದು ಇಲ್ಲ.
ಹಳೆ ಲ್ಯಾಬ್ ಚೀಟಿಯ ಬೆನ್ನಿಗೆ ಚಿತ್ರ ಬರೆದು ತೋರಿಸಿದರು:
ಕಣಕ್ಕೊಂದು ಸಾಕೆಟ್ಟು, ಡಿ ಬಂದು ಕೂರುವಂಥದ್ದು.
ಕೂತಲ್ಲಿ ಕೆಟ್ಟ ಕಣ ಅಲೆಯುವುದು ಕಡಿಮೆಯಂತೆ,
ಮದ್ದಿಗೆ ಬೆನ್ನು ತಿರುಗಿಸಿದ್ದೂ
ಒಮ್ಮೊಮ್ಮೆ ಮತ್ತೆ ಅದರ ಮಾತು ಕೇಳುವುದಂತೆ.
"ಗಾಜಿನ ತಟ್ಟೆಯಲ್ಲಿ. ಇಲಿಗಳಲ್ಲಿ."
"ಮನುಷ್ಯರಲ್ಲಿ?"
ಪೆನ್ನಿನ ಮುಚ್ಚಳ ಹಾಕಿದರು.
"ಇರಬಹುದು."

ಆ ಒಂದು ಮಾತನ್ನು ಬಸ್ ಟಿಕೆಟ್ಟಿನ ಜೊತೆ ಜೇಬಿಗಿಟ್ಟು
ಹುಣಸೂರು ದಾಟಿದೆ, ಪಿರಿಯಾಪಟ್ಟಣ ದಾಟಿದೆ.
ತೆಗೆದು ನೋಡಿದರೆ ಸಣ್ಣದು.
ಎಸೆಯಲಿಕ್ಕೆ ಕೈ ಬರದಷ್ಟು ದೊಡ್ಡದು.

ಕಕ್ಕಡ ಹದಿನೆಂಟರಂದು ಬೊಳ್ಳಮ್ಮ ಮದ್ದುಸೊಪ್ಪಿನ ಪಾಯಸ ಮಾಡಿದಳು,
ನೇರಳೆ ಬಣ್ಣದ್ದು, ಘಮ ಮನೆ ತುಂಬ.
ಹದಿನೆಂಟು ಮದ್ದು ಅವತ್ತು ಆ ಒಂದೇ ಸೊಪ್ಪಿಗೆ ಇಳಿಯುತ್ತವೆ ಅಂತ
ಅವಳಜ್ಜಿ ಹೇಳಿದ್ದು, ಇವಳು ನಂಬಿದ್ದು.
ಬಟ್ಟಲು ತೆಗೆದ ಮೇಲೆ ವಾರದ ಪುಡಿಯ ಪೊಟ್ಟಣ ಹರಿದು
ಹಾಲಿಗೆ ಸುರಿದು ಕಲಕಿದಳು:
"ಇದು ಹತ್ತೊಂಬತ್ತನೆಯದು. ಕುಡೀರಿ."
ಇರಬಹುದು ಅಂದೆ.
ಚಮಚ ಎತ್ತಿ ಹೊಡೆಯಲು ಬಂದಳು.

ಮೂರು ವಾರಕ್ಕೊಮ್ಮೆ ಈಗ ನರಕ್ಕೆ ಹೊಸ ಮದ್ದು.
ಅದರದ್ದೇ ದೊಡ್ಡ ಕೆಲಸ, ಗೊತ್ತು.
ಪುಡಿ ಬರೀ ಪುಡಿ.

ಇವತ್ತು ಮಳೆ ಹತ್ತು ನಿಮಿಷ ಬಾಯಿ ಮುಚ್ಚಿತು.
ಕಾಫಿ ಕಣದಲ್ಲಿ ಸ್ಟೂಲು ಹಾಕಿ ಕೂತು
ಕೊಯ್ದ ಹಿಮ್ಮಡಿಯನ್ನು ಸೂರ್ಯನತ್ತ ಹಿಡಿದೆ,
ತೋಳು ಸಾಕು ಅಂದಿದ್ದರು ಡಾಕ್ಟರು,
ಆದರೂ, ಪರಿಚಯವಾಗಲಿ ಇಬ್ಬರಿಗೂ.
ಆಚೆ ಪಾಲ ಪ್ಯಾನೆಲ್ಲಿನ ಪಾಚಿ ಒರೆಸಿ
ತಂತಿಗೆ ಮೀಟರು ಹಿಡಿದು ಕೂಗಿದ:
"ಐದು ಸಾವಿರ, ಅಣ್ಣ!"
"ಲದ್ದಿ?"
ಬಗ್ಗಿ ನೋಡಿದ. ಬಿಸಿ ಇನ್ನೂ ಆಡುತ್ತಿತ್ತಂತೆ.
"ಹೊರಗಿದೆ. ಇವತ್ತು ಹೊರಗೇ ಇದೆ."